ಜವಾಬಿನ ತಿಂಗಳು ಎಷ್ಟು?

ನಮ್ಮ ಕಬ್ಬಿಗೆ ರಾತ್ರಿ ಪಾಳಿಯ ಕರೆಂಟು ಬಂದ ವಾರ ಅಪ್ಪ ಮನೆಯಲ್ಲಿ ಮಲಗುವುದಿಲ್ಲ. ಗಲಗಲಿಯ ಹೊಲದಲ್ಲಿ ಮೋಟಾರು ಚಾಲೂ ಮಾಡಿ, ಸಾಲಿನಿಂದ ಸಾಲಿಗೆ ನೀರು ತಿರುವುತ್ತ, ಬದುವಿನ ಮೇಲೆ ಕೂತು ಬೆಳಗು ಮಾಡುತ್ತಾರೆ. ಆ ರಾತ್ರಿಗಳಲ್ಲಿ ಅವರಿಗೆ ಜೊತೆ ಅಂದರೆ ಅಂಗೈ ಅಗಲದ ಒಂದು ಹಾಡಿನ ಡಬ್ಬಿ. ಅದರ ಮೆಮರಿ ಕಾರ್ಡಿನಲ್ಲಿ ಭಜನಾ ಪದಗಳಿವೆ, ತತ್ವಪದಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಓಣಿಯಲ್ಲಿ ಹಿಂದೊಮ್ಮೆ ರಾತ್ರಿಯಿಡೀ ಆಡಿದ ಶ್ರೀಕೃಷ್ಣ ಪಾರಿಜಾತವಿದೆ. ಟೇಪ್‌ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದ ಆ ಆಟವನ್ನು ನನ್ನ ಅಕ್ಕನ ಮಗ ಕಂಪ್ಯೂಟರಿಗೆ ಇಳಿಸಿ ಕಾರ್ಡಿಗೆ ತುಂಬಿಕೊಟ್ಟಿದ್ದಾನೆ.

ಮೊಬೈಲಿನಲ್ಲೇ ಕೇಳಬಹುದಲ್ಲ ಎಂದು ಕೆಲವರು ಅನ್ನುತ್ತಾರೆ. ಕೆಸರುಗೈಯಲ್ಲಿ ಟಚ್‌ ಸ್ಕ್ರೀನ್‌ ಒತ್ತಲು ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಪರಾತ್ರಿ ಹೊಲದಲ್ಲಿ ಹಾವು ಕಂಡರೆ, ಸ್ಟಾರ್ಟರ್‌ ಸುಟ್ಟರೆ ಮನೆಗೆ ಫೋನ್‌ ಮಾಡಲು ಚಾರ್ಜ್‌ ಉಳಿದಿರಬೇಕು. ಹಾಡಿನ ಡಬ್ಬಿ ಬೇರೆಯೇ ಇರಲಿ ಎನ್ನುವುದು ಅಪ್ಪನ ಹಟ. ಅದು ಸರಿಯಾದ ಹಟ.

ಮೂರು ವರ್ಷಕ್ಕೂ ತುಸು ಹಿಂದೆ ಅವರ ಹಳೆಯ ಡಬ್ಬಿ ಕೆಟ್ಟಿತು. ಅಂಥದ್ದೇ ಹೊಸ ಪ್ಲೇಯರಿಗೆ 2,400 ರೂಪಾಯಿ ಇತ್ತು. ಆನ್‌ಲೈನಿನಲ್ಲಿ ಅದೇ ಮಾಡೆಲ್ಲು, ರಿಫರ್ಬಿಶ್ಡ್‌, 1,450 ರೂಪಾಯಿಗೆ ಕಂಡಿತು. ಹತ್ತಿರ ಹತ್ತಿರ ಶೇ 40ರಷ್ಟು ರಿಯಾಯಿತಿ. ಉಳಿಯುವ 950 ರೂಪಾಯಿ ನನ್ನ ಕಣ್ಣಿಗೆ ದೊಡ್ಡದಾಗಿ ಕಂಡಿತು. ಕೆಳಗೆ ಸಣ್ಣ ಅಕ್ಷರದಲ್ಲಿದ್ದ ‘10 ದಿನದೊಳಗೆ ವಾಪಸು’ ಎಂಬ ಸಾಲಿನ ಮೇಲೆ ಕಣ್ಣು ನಿಲ್ಲಲಿಲ್ಲ. ತರಿಸಿದೆ.

ಡಬ್ಬಿ ಹೊಸದರಂತೆ ಹೊಳೆಯುತ್ತಿತ್ತು. ಮೂರನೆಯ ಬೆಳಗ್ಗೆ ಅಪ್ಪ ಹೊಲದಿಂದ ಬಂದವರೇ, ‘ತಮ್ಮಾ, ಇದು ಅರ್ಧಾ ರಾತ್ರಿಗೇ ಮಕ್ಕೊಂಡಬಿಡತೈತಿ’ ಅಂದರು. ಪಾರಿಜಾತದಲ್ಲಿ ಕೃಷ್ಣ ಕೊರವಂಜಿಯ ವೇಷ ತೊಟ್ಟು ಸತ್ಯಭಾಮೆಯ ಮುಂದೆ ಬರುವ ಭಾಗ ಅಪ್ಪನಿಗೆ ಪ್ರಾಣ. ಕೊರವಂಜಿ ಬರುವ ಮೊದಲೇ ಬ್ಯಾಟರಿ ಮುಗಿಯುತ್ತಿತ್ತು. ನಾಲ್ಕು ಸಲ ಚಾರ್ಜ್‌ ಮಾಡಿದರೆ ಸರಿಹೋದೀತು ಎಂದು ನಾನು ಕಾದೆ. ಆ ಕಾಯುವಿಕೆಯಲ್ಲೇ ಹತ್ತು ದಿನ ಕಳೆದವು. ಒಂಬತ್ತನೆಯ ವಾರ ಡಬ್ಬಿ ಪೂರ್ತಿ ನಿಂತಿತು. 120 ರೂಪಾಯಿ ಕೊಟ್ಟು ಕೊರಿಯರ್‌ ಮಾಡಿದೆ. ಅವಧಿ ಮುಗಿದಿದೆ ಎಂಬ ಚೀಟಿಯೊಂದಿಗೆ ಹಾಗೇ ತಿರುಗಿ ಬಂತು. 1,570 ರೂಪಾಯಿಗೆ ಎರಡು ತಿಂಗಳ ಹಾಡು: ತಿಂಗಳಿಗೆ 785 ರೂಪಾಯಿ ಬಿತ್ತು.

ಆ ನಷ್ಟಕ್ಕಿಂತ ಹೆಚ್ಚು ಚುಚ್ಚಿದ್ದು ಬೇರೆ. ನಾವು ಎತ್ತು ಕೊಳ್ಳುವ ಜನ. ಸಂತೆಯಲ್ಲಿ ಎತ್ತಿನ ಮೈಬಣ್ಣ ನೋಡಿ ಯಾರೂ ರೊಕ್ಕ ಎಣಿಸುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ: ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಹಲ್ಲೆಲ್ಲ ಮೂಡಿ ಬಾಯಿಗೂಡಿದ್ದೋ. ನಾಲ್ಕು ಹೆಜ್ಜೆ ನಡೆಸಿ, ಸಾಧ್ಯವಾದರೆ ನೊಗಕ್ಕೆ ಹೂಡಿ ನೋಡುತ್ತೇವೆ. ಮಾರಿದವನ ಊರು, ಮನೆತನ ಕೇಳಿಕೊಳ್ಳುತ್ತೇವೆ, ನಾಳೆ ಎತ್ತು ಮಲಗಿದರೆ ಯಾರನ್ನು ಕೇಳಬೇಕು ಎಂದು ಗೊತ್ತಿರಲಿ ಅಂತ. ಇಷ್ಟೆಲ್ಲ ತಿಳಿದ ಮನೆಯವನು ಕೈ ಬದಲಾದ ಯಂತ್ರವನ್ನು ಮೈಬಣ್ಣ ನೋಡಿ ಕೊಂಡಿದ್ದೆ.

ಈ ಬಗೆಯ ಯಂತ್ರಕ್ಕೆ ಹಲ್ಲು ಅಂದರೆ ಬ್ಯಾಟರಿ. ಲಿಥಿಯಂ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಸಲ ಪೂರ್ತಿ ಚಾರ್ಜ್‌ ಆಗಿ ಇಳಿಯುವಷ್ಟರಲ್ಲಿ ಮೊದಲಿನ ತಾಕತ್ತಿನ ಐದರಲ್ಲೊಂದು ಪಾಲು ಕಳೆದುಕೊಂಡಿರುತ್ತದೆ. ಬಳಸದೆ ಕಪಾಟಿನಲ್ಲಿಟ್ಟರೂ ಅದಕ್ಕೆ ವಯಸ್ಸಾಗುತ್ತದೆ. ಮಾರುವವರು ಹೇಳುವ ‘ಎ ಗ್ರೇಡ್‌’, ‘ಬಿ ಗ್ರೇಡ್‌’ ಎಂಬ ಮಾತು ಹೆಚ್ಚಾಗಿ ಮೇಲಿನ ಗೀರು, ತಗ್ಗುಗಳ ಲೆಕ್ಕ. ಬ್ಯಾಟರಿ ಹೊಸದು ಹಾಕಿದ್ದೀರಾ ಎಂದು ಬೇರೆಯಾಗಿಯೇ ಕೇಳಬೇಕು. ಸೆಕೆಂಡ್‌ ಹ್ಯಾಂಡ್‌ ಅಂದರೆ ಇದ್ದದ್ದನ್ನು ಇದ್ದಂತೆ ಮಾರಿದ್ದು. ರಿಫರ್ಬಿಶ್ಡ್‌ ಅಂದರೆ ಯಾರೋ ಬಿಚ್ಚಿ, ಪರೀಕ್ಷಿಸಿ, ಕೆಟ್ಟದ್ದನ್ನು ಬದಲಿಸಿ ಮಾರಿದ್ದು ಎಂದಾಗಬೇಕು. ಏನು ಬದಲಿಸಿದಿರಿ ಎಂಬ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅದು ಒರೆಸಿ ಇಟ್ಟ ಸೆಕೆಂಡ್‌ ಹ್ಯಾಂಡ್‌ ಅಷ್ಟೇ.

ಇದನ್ನೆಲ್ಲ ನಾನು ಕಲಿತದ್ದು ಜಮಖಂಡಿಯ ಒಂದು ರಿಪೇರಿ ಅಂಗಡಿಯಲ್ಲಿ. ಸತ್ತ ಡಬ್ಬಿಯನ್ನು ಹಿಡಿದು ಅಲ್ಲಿಗೆ ಹೋದೆ. ಅಂಗಡಿಯವರು ಹಿಂದಿನ ಮುಚ್ಚಳ ತೆಗೆದು, ಬ್ಯಾಟರಿಯನ್ನು ಕೌಂಟರಿನ ಗಾಜಿನ ಮೇಲೆ ಅಂಗಾತ ಇಟ್ಟು, ಮೂಲೆಗೆ ಬೆರಳು ತಾಗಿಸಿ ತಿರುವಿದರು. ಅದು ಬುಗುರಿಯಂತೆ ಗಿರ್ರನೆ ತಿರುಗಿತು. ‘ನೋಡ್ರಿ ಸರ, ಹೊಟ್ಟಿ ಉಬ್ಬೇತಿ. ಚಲೋ ಬ್ಯಾಟ್ರಿ ಹಿಂಗ ತಿರಗೂದಿಲ್ಲ, ಅಲ್ಲೇ ಕಚ್ಚಿ ಕುಂದರತೈತಿ’ ಅಂದರು. ಆಮೇಲೆ ಚಾರ್ಜಿಂಗ್‌ ಪಿನ್ನಿನ ಬಾಯಿಗೆ ಬೆಳಕು ಹಿಡಿದು ತೋರಿಸಿದರು. ಒಳಗೆ ಹಸಿರು ಕಿಲುಬು. ಒಂದು ಕಾಲಕ್ಕೆ ನೀರು ಕುಡಿದ ಯಂತ್ರ ಅದು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಘಟಪ್ರಭೆ ಎರಡೂ ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಸೀಮೆಯ ಊರುಗಳಿಗೆ ನುಗ್ಗಿದ್ದನ್ನು ಕಂಡ ನಮಗೆ, ನೀರು ಕುಡಿದ ಮಿಕ್ಸರ್‌, ಟಿವಿ ಒಣಗಿದ ಮೇಲೆ ನಾಲ್ಕು ದಿನ ನಡೆದು ಹೇಗೆ ಕೈಕೊಡುತ್ತವೆ ಎಂದು ಯಾರೂ ಹೇಳಿಕೊಡಬೇಕಿಲ್ಲ.

ಅದೇ ಅಂಗಡಿಯಲ್ಲಿ, ಅವರೇ ಬಿಚ್ಚಿ ಸರಿಮಾಡಿದ ಇನ್ನೊಂದು ಪ್ಲೇಯರ್‌ ಇತ್ತು. ಗುಂಡಿಗಳು ದೊಡ್ಡವು, ಬಣ್ಣ ಮಾಸಿತ್ತು, ಒಂದು ಮೂಲೆ ಸವೆದಿತ್ತು. ಆದರೆ ಅದಕ್ಕೆ ಹಾಕುವುದು ಬಿಎಲ್‌-5ಸಿ ಬ್ಯಾಟರಿ, ಒಂದಾನೊಂದು ಕಾಲದ ನೋಕಿಯಾ ಕೀಪ್ಯಾಡ್‌ ಫೋನುಗಳದ್ದು. ಆ ಅಳತೆಯನ್ನು ಎಷ್ಟೋ ಎಫ್‌ಎಂ ಡಬ್ಬಿಗಳು ಎತ್ತಿಕೊಂಡಿರುವುದರಿಂದ ಇವತ್ತಿಗೂ ಸಣ್ಣ ಊರಿನ ಮೊಬೈಲ್‌ ಅಂಗಡಿಯಲ್ಲೂ ಅದು ಸಿಗುತ್ತದೆ. ಉಗುರಿನಿಂದ ಮುಚ್ಚಳ ಎತ್ತಿ ಮನೆಯಲ್ಲೇ ಬದಲಿಸಬಹುದು. ‘ಅಗ್ಗದ್ದು ಬ್ಯಾಡ್ರಿ. ಇನ್ನೂರೈವತ್ತರದು ಹಾಕತೇನಿ. ಆರ ತಿಂಗಳದಾಗ ಏನರ ಆದ್ರ ನನ್ನ ಕಡೆ ತರ್ರಿ’ ಎಂದು ಅವರು ಬಿಲ್ಲಿನ ಮೇಲೆ ತಾರೀಖು ಹಾಕಿ, ಆರು ತಿಂಗಳು ಎಂದು ಬರೆದು, ಸಹಿ ಮಾಡಿ, ಸಿಕ್ಕಾ ಒತ್ತಿಕೊಟ್ಟರು. ಪ್ಲೇಯರಿಗೆ 900, ಬ್ಯಾಟರಿಗೆ 250, 32 ಜಿಬಿ ಕಾರ್ಡಿಗೆ 350. ಒಟ್ಟು 1,500 ರೂಪಾಯಿ.

ಮನೆಗೆ ಬಂದು ಮೂರೂ ಬೆಲೆಗಳನ್ನು ಒಂದು ಹಾಳೆಯ ಮೇಲೆ ಬರೆದೆ. ಪ್ರತಿ ಬೆಲೆಯನ್ನೂ ಮಾರಿದವನು ಜವಾಬು ಕೊಡುವ ತಿಂಗಳುಗಳಿಂದ ಭಾಗಿಸಿದೆ. ಹೊಸದಕ್ಕೆ ಒಂದು ವರ್ಷದ ವಾರಂಟಿ: 2,400ನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 200 ರೂಪಾಯಿ. ಅಂಗಡಿಯದ್ದಕ್ಕೆ ಆರು ತಿಂಗಳು: 1,500 ಭಾಗ 6, ಅಂದರೆ 250. ಆನ್‌ಲೈನಿನದ್ದಕ್ಕೆ ಹತ್ತು ದಿನ: ದಿನಕ್ಕೆ 145, ತಿಂಗಳ ಲೆಕ್ಕಕ್ಕೆ 4,350 ರೂಪಾಯಿ! ಯಾವುದನ್ನು ನಾನು ಅಗ್ಗ ಎಂದು ತರಿಸಿದ್ದೆನೋ ಅದು ಮೂರರಲ್ಲಿ ಎಲ್ಲಕ್ಕಿಂತ ತುಟ್ಟಿ.

ಅಂದಿನಿಂದ ಮನೆಗೆ ಕೈ ಬದಲಾದ ಯಾವ ಸಾಮಾನು ತರುವಾಗಲೂ ನಾನು ಕೇಳುವ ಮೊದಲ ಮಾತು ಇದು: ಜವಾಬಿನ ತಿಂಗಳು ಎಷ್ಟು? ಹೊಸದರ ಜವಾಬಿನ ದರ 200 ಇದ್ದರೆ, ಹಳೆಯದ್ದು 400 ದಾಟಿದ ಕೂಡಲೇ ನಾನು ಕೈಬಿಡುತ್ತೇನೆ. ಅಂಗಡಿಯ ಪ್ಲೇಯರಿನಲ್ಲಿ ತಿಂಗಳಿಗೆ 50 ರೂಪಾಯಿಯಷ್ಟು ಜವಾಬು ತುಟ್ಟಿಯಾದರೂ ಕೈಯಲ್ಲಿ 900 ರೂಪಾಯಿ ಉಳಿಯಿತು. ಬ್ಯಾಟರಿ ನಮ್ಮ ಕೈಯಲ್ಲೇ ಬದಲಾಗುತ್ತದೆ ಎಂಬ ಧೈರ್ಯವೂ ಇತ್ತು. ಆ ವ್ಯಾಪಾರ ನನಗೆ ಒಪ್ಪಿಗೆಯಾಯಿತು.

ಬ್ಯಾಟರಿ ಬದಲಿಸಲು ಬರುತ್ತದೋ ಇಲ್ಲವೋ ಎಂಬುದು ಬೆಲೆಯಷ್ಟೇ ದೊಡ್ಡ ಪ್ರಶ್ನೆ. ಅಕ್ಕನ ಮಗ ವಿಜಯಪುರದ ಹಾಸ್ಟೆಲ್ಲಿನಲ್ಲಿ ಓದುತ್ತಾನೆ. ಅಲ್ಲಿ ಮೊಬೈಲಿಗೆ ಪರವಾನಗಿ ಇಲ್ಲ. ಹಾಡು ಕೇಳಲು ಹಳೆಯ ಐಪಾಡ್‌ ಬೇಕು ಎಂದು ಆಸೆಪಟ್ಟ. ಸೋನಿ 1979ರಲ್ಲಿ ವಾಕ್‌ಮನ್‌ ತಂದಾಗ ಶುರುವಾದ ಕಿಸೆಯ ಸಂಗೀತದ ಕತೆಯಲ್ಲಿ 2001ರ ಐಪಾಡ್‌ ದೊಡ್ಡ ಅಧ್ಯಾಯ. ಆದರೆ ಆ್ಯಪಲ್‌ ತನ್ನ ಐಪಾಡ್‌ ಕ್ಲಾಸಿಕ್‌ ಅನ್ನು 2014ರಲ್ಲೇ ನಿಲ್ಲಿಸಿತು. ಕೊನೆಗೆ ಉಳಿದಿದ್ದ ಐಪಾಡ್‌ ಟಚ್‌ಗೂ 2022ರ ಮೇ ತಿಂಗಳಲ್ಲಿ ಮಂಗಳ ಹಾಡಿತು. ಅಂದರೆ ಇಂದು ಮಾರಾಟಕ್ಕಿರುವ ಐಪಾಡ್‌ ಎಷ್ಟೇ ಹೊಳೆದರೂ ಬಾಯಿಗೂಡಿದ ಎತ್ತೇ. ಬ್ಯಾಟರಿ ಒಳಗೆ ಮುಚ್ಚಿಹೋಗಿರುತ್ತದೆ, ಬಿಚ್ಚಲು ಪಳಗಿದ ಕೈ ಬೇಕು. ಜಮಖಂಡಿಯ ನಮ್ಮ ಅಂಗಡಿಯವರು ‘ಅದು ನನ್ನ ಕೈಯಾಗಿನ ಕೆಲಸಲ್ಲರಿ’ ಎಂದು ಪ್ರಾಮಾಣಿಕವಾಗಿ ಹೇಳಿದರು. ಹುಡುಗನಿಗೂ ಬ್ಯಾಟರಿ ಹೊರಗೆ ಬರುವ ಸಾದಾ ಪ್ಲೇಯರನ್ನೇ ಕೊಡಿಸಿದೆವು.

ಕೊಳ್ಳುವ ದಿನ ಅಂಗಡಿಯಲ್ಲಿ ಅರ್ಧ ಗಂಟೆ ಕೂರುವುದಕ್ಕೆ ಸಂಕೋಚ ಬೇಡ. ಹಾಡು ತುಂಬಿದ ನಿಮ್ಮದೇ ಕಾರ್ಡ್‌ ಒಯ್ಯಿರಿ. ಇಪ್ಪತ್ತು ನಿಮಿಷ ದೊಡ್ಡ ದನಿಯಲ್ಲಿ ಹಾಡಿಸಿ, ಅಷ್ಟರಲ್ಲಿ ಬ್ಯಾಟರಿಯ ಗೆರೆ ಇಳಿದರೆ ಬೇಡ ಅನ್ನಿ. ಚಾರ್ಜರ್‌ ಹಾಕಿ ವಾಯರನ್ನು ಮೆಲ್ಲಗೆ ಅಲ್ಲಾಡಿಸಿ, ದೀಪ ಕಣ್ಣುಮುಚ್ಚಾಲೆ ಆಡಬಾರದು. ಇಯರ್‌ಫೋನ್‌ ಹಾಕಿ ಸಣ್ಣ ದನಿಯಲ್ಲಿ ಎರಡೂ ಕಿವಿಗೆ ಸಮವಾಗಿ ಕೇಳುತ್ತದೆಯೇ ನೋಡಿ. ಪ್ರತಿ ಗುಂಡಿಯನ್ನೂ ಒತ್ತಿ. ಹಳೆಯ ಪ್ಲೇಯರುಗಳಲ್ಲಿ ಬಹಳಷ್ಟು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದಿಲ್ಲ. 64ರದ್ದಕ್ಕೆ ಸುಮ್ಮನೆ ರೊಕ್ಕ ಹಾಕಬೇಡಿ. ಮೇಲೆ 32 ಎಂದು ಬರೆದು ಒಳಗೆ ನಾಲ್ಕೇ ಇರುವ ನಕಲಿ ಕಾರ್ಡುಗಳೂ ಇವೆ. ಕಾರ್ಡ್‌ ಪೂರ್ತಿ ತುಂಬಿಸಿ, ಕಡೆಯ ಹಾಡು ಹಾಡುತ್ತದೆಯೇ ಎಂದು ನೋಡುವುದೇ ಅದಕ್ಕೆ ಪರೀಕ್ಷೆ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಈ ಎಲ್ಲ ಪರೀಕ್ಷೆ ಪೊಟ್ಟಣ ಬಿಚ್ಚಿದ ದಿನವೇ ಮುಗಿಯಲಿ. ಮೂರನೆಯ ದಿನ ಅಪ್ಪ ಹೇಳಿದ ಮಾತನ್ನು ನಾನು ಆಗಲೇ ಕೇಳಿದ್ದರೆ ವಾಪಸು ಕಳಿಸಲು ಇನ್ನೂ ಒಂದು ವಾರವಿತ್ತು.

ಕಾನೂನೂ ನಮ್ಮ ಕಡೆಗಿದೆ, ಆದರೆ ಅದಕ್ಕೆ ಕಾಗದ ಬೇಕು. 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರಿದವನು ಯಾವ ಊರಿನಲ್ಲೇ ಇರಲಿ, ನಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ನಮಗೆ ಅದು ಬಾಗಲಕೋಟೆಯ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಒಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಆನ್‌ಲೈನ್‌ ಮಾರಾಟದವರಿಗೆ 2020ರ ಇ-ಕಾಮರ್ಸ್‌ ನಿಯಮಗಳು ಕುಂದುಕೊರತೆ ಅಧಿಕಾರಿಯನ್ನು ಇಡಲೇಬೇಕು ಎನ್ನುತ್ತವೆ. ದೂರು ಮುಟ್ಟಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಮೊದಲ ಮಾತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಇದೊಂದೂ ನನಗೆ ಅಂದು ಗೊತ್ತಿರಲಿಲ್ಲ. ತಿಳಿಯುವ ಹೊತ್ತಿಗೆ ಎರಡು ವರ್ಷ ದಾಟಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಬಿಲ್ಲು ಬೇಡ ಅಂದರೆ ನೂರು ರೂಪಾಯಿ ಕಮ್ಮಿ ಮಾಡುತ್ತೇನೆ ಎನ್ನುವವರಿಗೆ ನೀವು ಆ ನೂರು ರೂಪಾಯಿಗೆ ಮಾರುತ್ತಿರುವುದು ಈ ಹಕ್ಕನ್ನು.

ಎರಡು ಸಣ್ಣ ಮಾತು. ಹಳೆಯ ಪ್ಲೇಯರನ್ನು ಎಕ್ಸ್‌ಚೇಂಜಿಗೆ ಕೊಡುವಾಗ ಕಾರ್ಡ್‌ ತೆಗೆದಿಟ್ಟುಕೊಳ್ಳಿ, ಅದರಲ್ಲಿರುವುದರ ನಕಲು ಇನ್ನೆರಡು ಕಡೆ ಇರಲಿ. ಡಬ್ಬಿ ಮತ್ತೆ ಕೊಳ್ಳಬಹುದು. ನಮ್ಮ ಓಣಿಯ ಪಾರಿಜಾತದಲ್ಲಿ ಹಾಡಿದವರಲ್ಲಿ ಕೆಲವರು ಈಗಿಲ್ಲ, ಅವರ ದನಿ ಯಾವ ಅಂಗಡಿಯಲ್ಲೂ ಸಿಗದು. ಇನ್ನೊಂದು, ಉಬ್ಬಿದ ಬ್ಯಾಟರಿಯನ್ನು ಹೊಲದಲ್ಲಿ ಬಿಸಾಕಬೇಡಿ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಹಚ್ಚುವ ನಾಡು ನಮ್ಮದು, ಆ ಬೆಂಕಿಯಲ್ಲಿ ಲಿಥಿಯಂ ಬ್ಯಾಟರಿ ಸಿಡಿಯುತ್ತದೆ. ರಿಪೇರಿ ಅಂಗಡಿಗೇ ತಿರುಗಿ ಕೊಡಿ.

ಆ ಮಾಸಿದ ಬಣ್ಣದ ಪ್ಲೇಯರಿಗೆ ಈಗ ನಮ್ಮ ಮನೆಯಲ್ಲಿ ಮೂರು ವರ್ಷ. ನಡುವೆ ಒಮ್ಮೆ 250 ರೂಪಾಯಿ ಕೊಟ್ಟು ಬ್ಯಾಟರಿ ಬದಲಿಸಿದೆವು. ಒಟ್ಟು 1,750 ರೂಪಾಯಿ, 36 ತಿಂಗಳು; ತಿಂಗಳಿಗೆ 49 ರೂಪಾಯಿಯೂ ಬೀಳಲಿಲ್ಲ. ಅಂಗಡಿಯವರ ಸಿಕ್ಕಾ ಇರುವ ಬಿಲ್ಲು ನಾಲ್ಕು ಮಡಿಕೆಯಾಗಿ ಇನ್ನೂ ಅಪ್ಪನ ಟ್ರಂಕಿನಲ್ಲಿದೆ. ಹೋದ ವಾರ ನಮ್ಮ ಪಾಳಿ ಮತ್ತೆ ರಾತ್ರಿಗೆ ಬಂತು. ಬೆಳಗಿನ ಜಾವ ಚಹಾ ತೆಗೆದುಕೊಂಡು ಹೊಲಕ್ಕೆ ಹೋದಾಗ ನೀರು ಕೊನೆಯ ಸಾಲು ಮುಟ್ಟಿತ್ತು. ಬದುವಿನ ಮೇಲೆ ಡಬ್ಬಿ ಇನ್ನೂ ಹಾಡುತ್ತಿತ್ತು, ಕೊರವಂಜಿ ಬಂದಿದ್ದಳು. ಅಪ್ಪ ಚಹಾಕ್ಕೆ ಕೈ ಚಾಚದೆ, ಸ್ವಲ್ಪ ತಡಿ ಎಂದು ಸನ್ನೆ ಮಾಡಿದರು.