ಚುರುಕು ನಾಯಿಮರಿಗೆ ಟಿಕ್ ಸದ್ದಿನ ಪಾಠ



ಹೊಲ, ಕಣ, ಕುರಿಹಟ್ಟಿಗಳ ಕಾವಲಿಗೆಂದು ನಾವು ನಾಯಿಮರಿಯನ್ನು ತರುತ್ತೇವೆ. ಮುಧೋಳ ನಾಯಿಯ ಮರಿಯಾಗಲಿ, ಊರ ನಾಯಿಯ ಮರಿಯಾಗಲಿ, ಮೂರು ತಿಂಗಳು ತುಂಬುವ ಹೊತ್ತಿಗೆ ಅದು ಒಂದು ಕಡೆ ನಿಲ್ಲುವುದಿಲ್ಲ. ಕೋಳಿಯನ್ನು ಅಟ್ಟುತ್ತದೆ, ಕರುವಿನ ಬಾಲಕ್ಕೆ ಬಾಯಿ ಹಾಕುತ್ತದೆ, ಮಕ್ಕಳ ಮೇಲೆ ಹಾರುತ್ತದೆ. ಆಗ ನಮ್ಮ ಕೈಗೆ ಬರುವುದು ಕೋಲು, ಕೋಲಿಗೂ ಬಗ್ಗದಿದ್ದರೆ ಸರಪಳಿ. ಹೊಡೆತ ತಿಂದು, ಹಗಲಿರುಳು ಕಟ್ಟಿನಲ್ಲೇ ಬೆಳೆದ ನಾಯಿ ಅಂಜುಬುರುಕವಾಗಬಹುದು, ಇಲ್ಲವೆ ಮನೆಯವರನ್ನೇ ಕಚ್ಚಬಹುದು. ಅಂಥ ನಾಯಿಯ ಗತಿ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ.

ಕೋಲು 'ಇದನ್ನು ಮಾಡಬೇಡ' ಎನ್ನುತ್ತದೆಯೇ ಹೊರತು 'ಇದನ್ನು ಮಾಡು' ಎನ್ನುವುದಿಲ್ಲ. ಮಾಡಬೇಕಾದುದನ್ನು ತೋರಿಸಿಕೊಡುವ ಸುಲಭ ವಿಧಾನವೊಂದಿದೆ.

ಈ ವಿಧಾನದ ಗುಟ್ಟೇನು?

ಮರಿ ಸರಿಯಾದ ಕೆಲಸ ಮಾಡಿದ ಆ ಕ್ಷಣದಲ್ಲೇ 'ಟಿಕ್' ಎಂಬ ಒಂದು ಸದ್ದು ಮಾಡುವುದು; ಒಡನೆ ಒಂದು ಚೂರು ತಿಂಡಿ ಕೊಡುವುದು. ಇಷ್ಟೇ. ವಾರದ ಕೂಲಿ ಯಾವ ಕೆಲಸಕ್ಕೆ ಬಂದಿತೆಂದು ಮನುಷ್ಯನಿಗೆ ನೆನಪಿರುತ್ತದೆ. ಮರಿಗೆ ಹಾಗಲ್ಲ, ರೊಟ್ಟಿ ಹುಡುಕಿ ತರುವಷ್ಟರಲ್ಲಿ ಅದು ಬೇರೆ ಹತ್ತು ಚೇಷ್ಟೆ ಮಾಡಿರುತ್ತದೆ. 'ನಿನಗೆ ಕೂಲಿ ಸಿಕ್ಕಿದ್ದು ಈ ಕೆಲಸಕ್ಕೆ' ಎಂದು ಗುರುತು ಹಾಕುವುದೇ ಸದ್ದಿನ ಕೆಲಸ.

ಅಮೇರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರು 1951ರಲ್ಲಿಯೇ, ಮಕ್ಕಳಾಟಿಕೆಯ ಸದ್ದಿನಿಂದ ನಾಯಿಗೆ ಕಲಿಸುವ ಕ್ರಮವನ್ನು ಬರೆದಿದ್ದರು. 1960ರ ದಶಕದಲ್ಲಿ ಹವಾಯಿಯಲ್ಲಿ ಕರೆನ್ ಪ್ರಯರ್ ಎಂಬ ಮಹಿಳೆ ಸೀಟಿ ಊದಿ, ಮೀನು ಕೊಟ್ಟು, ಡಾಲ್ಫಿನ್‌ಗಳಿಗೆ ಕಲಿಸಿದರು. ನೀರಿನಲ್ಲಿ ಈಜುವ ಪ್ರಾಣಿಗೆ ಹಗ್ಗ ಹಾಕಿ ಎಳೆಯಲಾಗದು, ಕೋಲೆತ್ತಿದರೆ ದೂರ ಹೋಗಿಬಿಡುತ್ತದೆ. ಅದೇ ಕಲಿಯುವುದಾದರೆ, ನಮ್ಮ ಕಾಲ ಬುಡದಲ್ಲಿರುವ ಮರಿ ಏಕೆ ಕಲಿಯಬಾರದು?

ಬೇಕಾಗುವ ಸಾಮಗ್ರಿ

ಜಾತ್ರೆಯಲ್ಲಿ ಸಿಗುವ, ಒತ್ತಿದರೆ ಟಿಕ್ ಎನ್ನುವ ತಗಡಿನ ಆಟಿಕೆ ಅಥವಾ ಗುಂಡಿ ಒತ್ತುವ ಬಾಲ್ ಪೆನ್ನು ಸಾಕು. ನಾಲಗೆಯಿಂದ ಟಕ್ ಎನ್ನಿಸಲೂಬಹುದು. ಆದರೆ ಎತ್ತು ಹೊಡೆಯುವಾಗ ಅದೇ ಸದ್ದು ಮಾಡುವವರು ಬೇರೆ ಸದ್ದನ್ನು ಆರಿಸಿಕೊಳ್ಳಬೇಕು. ತಿಂಡಿಗೆ ರೊಟ್ಟಿಯ ಚೂರು ಅಥವಾ ಬೇಯಿಸಿದ ಮೊಟ್ಟೆ, ಕಡಲೆಕಾಳಿನಷ್ಟು ಗಾತ್ರದಲ್ಲಿರಲಿ. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷ, ಕೊಡಕೂಡದು.

ಪಾಠದ ಕ್ರಮ

1. ಸದ್ದಿನ ಪರಿಚಯ: ಟಿಕ್ ಎನ್ನಿಸಿ, ಒಡನೆ ತಿಂಡಿ ಕೊಡಿ. ಹೀಗೆ ಹತ್ತು ಹದಿನೈದು ಸಲ ಮಾಡಿ. ಸದ್ದು ಕೇಳಿದೊಡನೆ ಮರಿ ತಿಂಡಿಗಾಗಿ ತಿರುಗಿದರೆ ಪರಿಚಯವಾಯಿತೆಂದು ತಿಳಿಯಿರಿ. ಮರಿ ಬೆದರಿದರೆ ಆಟಿಕೆಗೆ ಬಟ್ಟೆ ಸುತ್ತಿ.

2. ಕೂಡುವುದು: ಮರಿಯನ್ನು ಒತ್ತಿ ಕೂಡಿಸಬೇಡಿ. ತಾನಾಗಿ ಕೂಡುವವರೆಗೆ ಕಾಯಿರಿ. ಹಿಂಭಾಗ ನೆಲಕ್ಕೆ ತಾಗಿದ ಕ್ಷಣ ಟಿಕ್, ಬಳಿಕ ತಿಂಡಿ. ಮೇಲಿಂದ ಮೇಲೆ ಕೂಡತೊಡಗಿದ ಮೇಲೆ 'ಕೂಡು' ಎಂಬ ಮಾತನ್ನು ಸೇರಿಸಿ.

3. ಕರೆದಾಗ ಬರುವುದು: ಹೆಸರು ಹಿಡಿದು ಕರೆಯಿರಿ. ನಿಮ್ಮತ್ತ ಹೊರಟೊಡನೆ ಟಿಕ್. ಬಂದ ಮೇಲೆ ತಿಂಡಿ. ತಡವಾಗಿ ಬಂದರೂ ಬೈಯಕೂಡದು. ಬೈದರೆ, ಬಂದದ್ದಕ್ಕೇ ಬೈಗುಳವೆಂದು ಮರಿ ತಿಳಿಯುತ್ತದೆ.

4. ಮೈಮೇಲೆ ಹಾರುವುದು: ಹಾರಿದಾಗ ಮಾತಾಡಿಸದೆ ಮುಖ ತಿರುಗಿಸಿ ನಿಲ್ಲಿ. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಟಿಕ್, ತಿಂಡಿ.

5. ಕೋಳಿ, ಕುರಿಗಳ ಹತ್ತಿರ: ಮರಿಗೆ ಹಗ್ಗ ಕಟ್ಟಿ, ಕೋಳಿಗಳು ಕಂಡರೂ ಅದು ಜಗ್ಗದಷ್ಟು ದೂರದಲ್ಲಿ ನಿಲ್ಲಿ. ಕೋಳಿಯನ್ನು ನೋಡಿ ನಿಮ್ಮತ್ತ ತಿರುಗಿದಾಗ ಟಿಕ್, ತಿಂಡಿ. ದಿನಕ್ಕೆ ಒಂದೆರಡು ಹೆಜ್ಜೆ ಮಾತ್ರ ಹತ್ತಿರವಾಗಿ. ಅಟ್ಟುವುದು ಬೇಟೆನಾಯಿಯ ಹುಟ್ಟುಗುಣ. ಆದ್ದರಿಂದ ಪೂರ್ತಿ ನಂಬಿಕೆ ಬರುವವರೆಗೆ ಹಗ್ಗ ಬಿಚ್ಚಕೂಡದು.

ನೆನಪಿಡಬೇಕಾದ ಅಂಶಗಳು

ಪಾಠ ಒಂದು ಸಲಕ್ಕೆ ಎರಡು ಮೂರು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ, ಊಟಕ್ಕೆ ಮುಂಚೆ ಇರಲಿ. ಒಂದು ಟಿಕ್‌ಗೆ ಒಂದು ಚೂರು. ಕೈತಪ್ಪಿ ಒತ್ತಿದರೂ ತಿಂಡಿ ಕೊಡತಕ್ಕದ್ದು. ಮರಿಯನ್ನು ಕರೆಯಲು ಟಿಕ್ ಸದ್ದನ್ನು ಬಳಸಬೇಡಿ. ಮನೆಯವರೆಲ್ಲರೂ ಒಂದೇ ಮಾತು ಬಳಸಲಿ. ಅಜ್ಜ 'ಕೂಡು', ಮೊಮ್ಮಗ 'ಕುಳಿತುಕೋ' ಎಂದರೆ ಮರಿಗೆ ಗೊಂದಲ. ಕಲಿತ ಪಾಠ ಗಟ್ಟಿಯಾದ ಮೇಲೆ ಟಿಕ್ ಬೇಕಿಲ್ಲ; ಮಾತೇ ಸಾಕು, ಆಗಾಗ ತಿಂಡಿ ಕೊಟ್ಟರಾಯಿತು.

ಚುರುಕು ಮರಿಗೆ ಓಡಾಟವೂ ಬೇಕು, ನಿದ್ದೆಯೂ ಬೇಕು. ನಿದ್ದೆಗೆಟ್ಟ ಮರಿಯ ಚೇಷ್ಟೆ ಹೆಚ್ಚು. ನಾಲ್ಕರಿಂದ ಆರು ತಿಂಗಳಲ್ಲಿ ಹಲ್ಲು ಬದಲಾಗುವಾಗ ಕಂಡದ್ದನ್ನೆಲ್ಲ ಕಡಿಯುತ್ತದೆ. ಆಗ ಗಂಟು ಹಾಕಿದ ಹಳೆ ಬಟ್ಟೆಯನ್ನು ಕಡಿಯಲು ಕೊಡಿ.

ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಮುಂದುವರಿಸಿ. ಆಟದಲ್ಲಿ ಹಲ್ಲು ತಾಗಿ ಗಾಯವಾದರೂ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಖಾರದಪುಡಿ ಹಚ್ಚಕೂಡದು.

ಈ ಪಾಠಕ್ಕೆ ತಗಲುವ ಖರ್ಚು ಅರ್ಧ ರೊಟ್ಟಿ ಮತ್ತು ದಿನಕ್ಕೆ ಹತ್ತು ನಿಮಿಷದ ತಾಳ್ಮೆ. ಇಂದು ಸಂಜೆಯೇ ಮೊದಲನೆಯ ಪಾಠವನ್ನು ಆರಂಭಿಸಿರಿ.