ಅಮೆರಿಕದ ರಾಜ್ಯಗಳು ಕೋರಿದ ಸಭೆ

ಆಡಳಿತ ಮಂಡಳಿಯು ಸಭೆ ಕರೆಯಲು ಮನಸ್ಸು ಮಾಡದಿದ್ದಾಗ ಸದಸ್ಯರಿಗಿರುವ ದಾರಿ ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದದ್ದೇ. 2013ರ ಕಂಪೆನಿ ಕಾಯ್ದೆಯ 100ನೇ ಕಲಮಿನ ಪ್ರಕಾರ, ಷೇರು ಬಂಡವಾಳದ ಕಂಪೆನಿಯಲ್ಲಿ ಹತ್ತನೇ ಒಂದು ಪಾಲು ಮತಾಧಿಕಾರವುಳ್ಳ ಸದಸ್ಯರು ಲಿಖಿತ ಕೋರಿಕೆ ಸಲ್ಲಿಸಬಹುದು. 21 ದಿನಗಳೊಳಗೆ ಮಂಡಳಿ ಕ್ರಮ ಕೈಗೊಳ್ಳದಿದ್ದರೆ ಕೋರಿದವರೇ ಸಭೆ ಕರೆಯಬಹುದು. ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನದ 5ನೇ ವಿಧಿಯಲ್ಲಿಯೂ ಇದನ್ನು ಹೋಲುವ ವ್ಯವಸ್ಥೆಯೊಂದಿದೆ. ವ್ಯತ್ಯಾಸವೆಂದರೆ, ಅಲ್ಲಿ ಸಭೆ ಕೋರುವ ಹಕ್ಕಿದೆಯೇ ಹೊರತು ಸಭೆಯ ನಿಯಮಗಳಿಲ್ಲ.

ಸದರಿ ವಿಧಿಯಂತೆ ತಿದ್ದುಪಡಿಯನ್ನು ಎರಡು ರೀತಿಯಲ್ಲಿ ಸೂಚಿಸಬಹುದು. ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಉಭಯ ಸದನಗಳು ಮೂರನೇ ಎರಡು ಬಹುಮತದಿಂದ ಸೂಚಿಸುವುದು ಮೊದಲನೆಯದು. ಈವರೆಗಿನ 27 ತಿದ್ದುಪಡಿಗಳೂ ಹೀಗೆಯೇ ಬಂದವು. ಮೂರನೇ ಎರಡರಷ್ಟು, ಅಂದರೆ 50ರಲ್ಲಿ 34 ರಾಜ್ಯಗಳ ಶಾಸನಸಭೆಗಳು ಕೋರಿದಾಗ ಕಾಂಗ್ರೆಸ್ ವಿಶೇಷ ಸಮಾವೇಶವನ್ನು ಕರೆಯುವುದು ಎರಡನೆಯದು. ಎರಡರಲ್ಲಿಯೂ 38 ರಾಜ್ಯಗಳ ಅನುಮೋದನೆ ಅಗತ್ಯ. ಎರಡನೆಯ ಮಾರ್ಗದಲ್ಲಿ ಇಂದಿನವರೆಗೆ ಒಂದೇ ಒಂದು ಸಮಾವೇಶವೂ ನಡೆದಿಲ್ಲ.

ನಡೆಯುವ ಹಂತಕ್ಕೆ ತೀರ ಸಮೀಪ ಬಂದವುಗಳಲ್ಲಿ ಲೆಕ್ಕಪತ್ರದ ವಿಷಯವೂ ಒಂದಾಗಿತ್ತೆಂಬುದು ನಮ್ಮಂಥವರಿಗೆ ಕುತೂಹಲದ ಸಂಗತಿ. ಕೇಂದ್ರ ಸರಕಾರದ ವೆಚ್ಚವು ಆದಾಯವನ್ನು ಮೀರಬಾರದೆಂಬ ನಿಯಮವನ್ನು ಸಂವಿಧಾನದಲ್ಲಿಯೇ ಸೇರಿಸಬೇಕೆಂದು 1970ರ ದಶಕದಲ್ಲಿ ಆರಂಭವಾದ ಚಳವಳಿಗೆ 1983ರ ವೇಳೆಗೆ 32 ರಾಜ್ಯಗಳ ಕೋರಿಕೆ ದೊರೆಯಿತು. ಇನ್ನೆರಡು ಮಾತ್ರ ಬಾಕಿ! ಆದರೆ 1988ರಲ್ಲಿ ಅಲಬಾಮಾ, ಫ್ಲಾರಿಡಾಗಳು ಕೋರಿಕೆಯನ್ನು ಹಿಂತೆಗೆದುಕೊಂಡವು. ಇತರ ಕೆಲವು ರಾಜ್ಯಗಳೂ ಅದನ್ನೇ ಅನುಸರಿಸಿದವು. ಫ್ಲಾರಿಡಾ 2010ರಲ್ಲಿ, ಅಲಬಾಮಾ 2011ರಲ್ಲಿ ಪುನಃ ಕೋರಿದವು. ಈ ನಡುವೆ 1997ರಲ್ಲಿ ಅದೇ ಆಶಯದ ತಿದ್ದುಪಡಿಯು ಮೊದಲನೆಯ ಮಾರ್ಗದಲ್ಲಿ ಸೆನೆಟ್ ಮುಂದೆ ಬಂದು, 67 ಮತಗಳು ಬೇಕಿದ್ದಲ್ಲಿ 66 ಪಡೆದು ಬಿದ್ದುಹೋಯಿತು.

ಇಲ್ಲಿಯೇ ಲೆಕ್ಕಪರಿಶೋಧಕನಿಗೆ ಸಂದೇಹಗಳು ಏಳುತ್ತವೆ. 1970ರ ದಶಕದ ಕೋರಿಕೆಯನ್ನು 2010ರ ಕೋರಿಕೆಯೊಡನೆ ಕೂಡಬಹುದೇ? ನಮ್ಮಲ್ಲಿ ಚೆಕ್ಕಿಗೆ ಮೂರು ತಿಂಗಳ ಅವಧಿ. ಆ ಕೋರಿಕೆಗಳಿಗೆ ಯಾವ ಅವಧಿಯನ್ನೂ ಸಂವಿಧಾನ ಹೇಳಿಲ್ಲ. ಹಿಂತೆಗೆದುಕೊಂಡದ್ದು ಸಿಂಧುವೇ? ಒಂದೊಂದು ರಾಜ್ಯ ಒಂದೊಂದು ಒಕ್ಕಣೆಯಲ್ಲಿ ಬರೆದಿದ್ದರೆ ಅವೆಲ್ಲ ಒಂದೇ ಖಾತೆಗೆ ಜಮೆಯಾಗುವವೇ? ಸಮಾವೇಶದಲ್ಲಿ ರಾಜ್ಯಕ್ಕೊಂದು ಮತವೋ, ಜನಸಂಖ್ಯೆಗೆ ಅನುಗುಣವಾಗಿಯೋ? ಉತ್ತರವಿಲ್ಲ. ಈ ಲೋಪವನ್ನು ಸರಿಪಡಿಸಲು ಸೆನೆಟರ್ ಸ್ಯಾಮ್ ಅರ್ವಿನ್ ತಂದ ಮಸೂದೆಯನ್ನು 1971ರಲ್ಲಿ ಸೆನೆಟ್ ಒಮ್ಮತದಿಂದ ಅಂಗೀಕರಿಸಿತಾದರೂ ಕೆಳಮನೆಯಲ್ಲಿ ಅದು ಮುಂದುವರಿಯಲಿಲ್ಲ.

ಕಾರ್ಯಸೂಚಿಯನ್ನು ಮೀರಿ ಸಮಾವೇಶವು ಸಂವಿಧಾನವನ್ನೇ ಬದಲಿಸಲು ಹೊರಟರೆ ಎಂಬ ಭಯವೂ ಉಂಟು. ಇದನ್ನು ಕೇವಲ ಕಲ್ಪನೆಯೆನ್ನಲಾಗದು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದವರಿಗೆ ವಹಿಸಿದ್ದು ಹಳೆಯ ಒಕ್ಕೂಟದ ಕರಾರನ್ನು ಪರಿಷ್ಕರಿಸುವ ಕೆಲಸ. ಅವರು ಹೊಸ ಸಂವಿಧಾನವನ್ನೇ ಬರೆದರು. ಹಳೆಯ ಕರಾರಿನ ತಿದ್ದುಪಡಿಗೆ 13 ರಾಜ್ಯಗಳೂ ಒಪ್ಪಬೇಕಿತ್ತು, ಹೊಸದಕ್ಕೆ 9 ಸಾಕೆಂದರು. ಆದರೂ 38 ರಾಜ್ಯಗಳ ಅನುಮೋದನೆಯೆಂಬ ಕೊನೆಯ ಬೀಗವಿರುವುದರಿಂದ ಈ ಭಯವನ್ನು ತುಸು ಅತಿಯಾಗಿಯೇ ಬಿತ್ತಲಾಗಿದೆಯೆಂದು ನನ್ನ ಅಭಿಪ್ರಾಯ. ನಿಯಮಗಳಿಲ್ಲದಿರುವುದೇ ಹೆಚ್ಚಿನ ತೊಡಕು.

ನಮ್ಮ 368ನೇ ವಿಧಿಯಲ್ಲಿ ತಿದ್ದುಪಡಿಯನ್ನು ಮಂಡಿಸುವ ಅಧಿಕಾರ ಸಂಸತ್ತಿಗೆ ಮಾತ್ರ. ಕೆಲವು ವಿಷಯಗಳಲ್ಲಿ ಅರ್ಧದಷ್ಟು ರಾಜ್ಯಗಳ ಅನುಮೋದನೆ ಬೇಕು, 2016ರ ಜಿ.ಎಸ್.ಟಿ. ತಿದ್ದುಪಡಿ ಹಾಗೆ ಬಂದದ್ದನ್ನು ವರ್ತಕರು ಮರೆತಿರಲಾರರು. ವಿತ್ತೀಯ ಶಿಸ್ತನ್ನು ನಾವು ಸಾಧಾರಣ ಕಾಯ್ದೆಗೆ ಬಿಟ್ಟಿದ್ದೇವೆ. ಅಂಥ ಕಾಯ್ದೆಯನ್ನು 2002ರಲ್ಲಿ ಮೊದಲು ಮಾಡಿದ ರಾಜ್ಯ ಕರ್ನಾಟಕ. ಕೇಂದ್ರದ್ದು 2003ರಲ್ಲಿ ಬಂದಿತು, ಅದರ ಗುರಿಗಳು ಹಲವು ಬಾರಿ ಮುಂದೂಡಲ್ಪಟ್ಟವು.

ಅಮೆರಿಕದಲ್ಲಿ 2013ರಿಂದ ಇನ್ನೊಂದು ಅಭಿಯಾನ ನಡೆದಿದೆ. ವಿತ್ತೀಯ ಮಿತಿಯ ಜೊತೆಗೆ ಕೇಂದ್ರದ ಅಧಿಕಾರ ಹಾಗೂ ಪದಾವಧಿಗಳಿಗೂ ಮಿತಿ ಕೇಳುವ ಅದರ ಕೋರಿಕೆಗೆ 2022ರ ವೇಳೆಗೆ 19 ರಾಜ್ಯಗಳು ಸೇರಿದ್ದವು.