ಕೋರ್ಟಿನ ತೀರ್ಪಿನ ನಕಲು ಪಡೆಯುವ ಬಗೆ

ಅಣ್ಣತಮ್ಮಂದಿರ ಹೊಲದ ಪಾಲು ಕೋರ್ಟಿನಲ್ಲಿ ತೀರ್ಮಾನವಾಗಿದ್ದರೆ, ಎಮ್ಮೆ ಸಾಲ ಕೇಳಲು ಹೋದಾಗ ಬ್ಯಾಂಕಿನವರು ಡಿಕ್ರಿ ಕೇಳುವುದುಂಟು. ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ, ಡಿಕ್ರಿ ಸಿಗುವುದಿಲ್ಲ. ಅದನ್ನು ದಾವೆ ನಡೆದ ನ್ಯಾಯಾಲಯದಿಂದಲೇ ಪಡೆಯಬೇಕು. ಇರಕಲ್ಲಗಡದವರು ಸಾಮಾನ್ಯವಾಗಿ ಕೊಪ್ಪಳದಲ್ಲಿ ವಿಚಾರಿಸಬೇಕು.

ಮೊದಲು ದಾವೆಯ ನಂಬರು, ವರ್ಷ ಹುಡುಕಿರಿ. ಹಳೆಯ ಸಮನ್ಸಿನ ಮೇಲೆ ಇರುತ್ತದೆ. ಸಿಗದಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ವಾದಿ ಅಥವಾ ಪ್ರತಿವಾದಿಯ ಹೆಸರು ಹಾಕಿ ನೋಡಬಹುದು, ಶುಲ್ಕವಿಲ್ಲ. ನಮ್ಮ ಕಡೆಯ ಹೆಸರುಗಳನ್ನು ಗುಮಾಸ್ತರು ಒಬ್ಬೊಬ್ಬರು ಒಂದೊಂದು ರೀತಿ ಬರೆದಿರುತ್ತಾರೆ. ಎರಡು ಮೂರು ಬಗೆಯಲ್ಲಿ ಹಾಕಿ ನೋಡಿರಿ. ಎಲ್ಲಾ ಹಳೆಯ ದಾವೆಗಳು ಅದರಲ್ಲಿ ಸಿಗುವುದಿಲ್ಲ. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಡತವಾದರೆ ರಾಯಚೂರಿನಲ್ಲಿಯೂ ಕೇಳಬೇಕಾದೀತು. ನಿಜಾಮರ ಕಾಲದ ಕಾಗದವಾದರೆ ಉರ್ದು ಬಲ್ಲವರನ್ನು ಜೊತೆಗೆ ಕರೆದೊಯ್ಯುವುದು ಲೇಸು.

ನಂತರ ನಕಲು ಶಾಖೆಗೆ ಅರ್ಜಿ ಕೊಡಿರಿ. ತೀರ್ಪು, ಡಿಕ್ರಿ ಎರಡರ 'ದೃಢೀಕೃತ ನಕಲು' ಬೇಕೆಂದು ಬರೆಯಿರಿ. ಮೊಹರಿಲ್ಲದ ಜೆರಾಕ್ಸ್ ನಡೆಯದು. ದಾವೆಯಲ್ಲಿ ಪಕ್ಷಗಾರರಲ್ಲದವರು ತಮಗೇಕೆ ಬೇಕೆಂಬ ಕಾರಣವನ್ನು ಪ್ರಮಾಣಪತ್ರದೊಂದಿಗೆ ತಿಳಿಸಬೇಕಾಗುತ್ತದೆ.

ತೀರ್ಪು ನಿಮ್ಮ ವಿರುದ್ಧ ಬಂದಿದ್ದರೆ ತಡ ಸಲ್ಲದು. 1963ರ ಕಾಲಮಿತಿ ಕಾಯ್ದೆಯಂತೆ ಡಿಕ್ರಿಯ ಮೇಲಿನ ಮೇಲ್ಮನವಿಗೆ ಜಿಲ್ಲೆಯ ನ್ಯಾಯಾಲಯಗಳಲ್ಲಿ 30 ದಿನ, ಹೈಕೋರ್ಟಿನಲ್ಲಿ 90 ದಿನ. ನಕಲು ತಯಾರಾಗಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡುತ್ತಾರೆ, ಆದರೆ ಅರ್ಜಿ ಹಾಕದೆ ಮನೆಯಲ್ಲಿ ಕುಳಿತ ದಿನಗಳನ್ನಲ್ಲ. ತಯಾರಾದ ನಕಲನ್ನು ಒಯ್ಯದೆ ಬಿಟ್ಟ ದಿನಗಳೂ ನಿಮ್ಮ ಲೆಕ್ಕಕ್ಕೇ ಬರುತ್ತವೆ.